ಮಳೆಯ ಲೆಕ್ಕ ಊರಿಗೂ ತಿಳಿಯಲಿ

ಮಾಹಿತಿ ತಂತ್ರಜ್ಞಾನವೆಂದೊಡನೆ ಗಣಕಯಂತ್ರ, ಮೊಬೈಲುಗಳೇ ಕಣ್ಣಮುಂದೆ ಬರುತ್ತವೆ. ಆದರೆ ಮಲೆನಾಡಿನ ಅಡಿಕೆ ಬೆಳೆಗಾರನ ಪಾಲಿಗೆ ಇವೆಲ್ಲಕ್ಕಿಂತ ನಿರ್ಣಾಯಕವಾದ ಯಂತ್ರವೊಂದು ಊರಿನಲ್ಲಿಯೇ ಸದ್ದಿಲ್ಲದೆ ನಿಂತಿದೆ. ಅದು ಸ್ವಯಂಚಾಲಿತ ಮಳೆಮಾಪಕ.

ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದವರೆಗೆ ಸ್ಥಾಪಿಸಿರುವ ಈ ಮಾಪಕಗಳು 15 ನಿಮಿಷಕ್ಕೊಮ್ಮೆ ಮಳೆಯ ಅಂಕಿಯನ್ನು ಬೆಂಗಳೂರಿಗೆ ರವಾನಿಸುತ್ತವೆ. ಹವಾಮಾನಾಧಾರಿತ ಬೆಳೆವಿಮೆಯಲ್ಲಿ ತೋಟಕ್ಕೆ ಬಂದು ಉದುರಿದ ಕಾಯಿಗಳನ್ನು ಯಾರೂ ಎಣಿಸುವುದಿಲ್ಲ. ಮಾಪಕದ ಅಂಕಿಯೇ ಪರಿಹಾರವನ್ನು ನಿರ್ಧರಿಸುತ್ತದೆ. ಆಲಿಕೆಗೆ ತರಗೆಲೆ ಕಟ್ಟಿಕೊಂಡರೆ, ಮೇಲೆ ಮರದ ಕೊಂಬೆ ಚಾಚಿಕೊಂಡರೆ, ಬ್ಯಾಟರಿ ಸೋತರೆ ಸುರಿದ ಮಳೆ ಲೆಕ್ಕಕ್ಕೆ ಸಿಗದು. ಘಟ್ಟದ ಮಳೆಯ ಸ್ವಭಾವವೂ ಹಾಗೆಯೇ: ಶಿರಸಿ ತಾಲ್ಲೂಕಿನಲ್ಲಿಯೇ ಬನವಾಸಿಯ ಬಯಲಿಗೂ ಘಟ್ಟದಂಚಿನ ಹಳ್ಳಿಗಳಿಗೂ ಅಜಗಜಾಂತರ. ಗುಡ್ಡದ ಆಚೆ ಮಗ್ಗುಲಿನ ಮಾಪಕ ಈಚೆಯ ತೋಟಕ್ಕೆ ಸಾಕ್ಷಿಯಾಗಲಾರದು.

1910ರಲ್ಲಿ ಕೊಳೆರೋಗದ ಬಗ್ಗೆ ವರದಿ ಪ್ರಕಟಿಸಿದ ಲೆಸ್ಲಿ ಕೋಲ್ಮನ್ ತೋಟಗಳಲ್ಲಿಯೇ ಪ್ರಯೋಗ ನಡೆಸಿ ಬೋರ್ಡೋ ದ್ರಾವಣದ ಉಪಯೋಗವನ್ನು ತೋರಿಸಿದರು. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ: ಈ ಪ್ರಮಾಣ ಇಂದು ಮನೆಮಾತು. ಬೆಳೆಗಾರನಿಗೆ ಈಗ ಬೇಕಿರುವುದು ಎರಡನೆಯ ಸಿಂಪರಣೆಗೆ ಮಳೆ ಎಂದು ಹೊಳವಾಗುತ್ತದೆ ಎಂಬ ಸುದ್ದಿ. ಕೊನೆಗಾರರು ವಿರಳವಾಗಿರುವ ಈ ಕಾಲದಲ್ಲಿ ಒಂದು ದಿನದ ಮುನ್ಸೂಚನೆಗೆ ಬಹಳ ಬೆಲೆಯಿದೆ. ಅಂಥ ಮುನ್ಸೂಚನೆ ಮೊಬೈಲಿಗೆ ಬರುವುದುಂಟು. ಆದರೆ ಜುಲೈನ ಗಾಳಿಗೆ ವಿದ್ಯುತ್ತು ಹೋದೊಡನೆ ಗೋಪುರವೂ ಮೌನವಾಗುತ್ತದೆ. ಬೇಕಾದಾಗಲೇ ಕೈಕೊಡುವ ಸೌಕರ್ಯವಿದು!

ಊರಿನಿಂದ ಹೋದ ಅಂಕಿ ಊರಿಗೆ ಮರಳಬೇಕು. ಹಿಂದಿನ ದಿನದ ಮಳೆ ಎಷ್ಟು ಮಿಲಿಮೀಟರು ಎಂಬುದನ್ನು ಪಂಚಾಯಿತಿ ಫಲಕದಲ್ಲಿ ಸೀಮೆಸುಣ್ಣದಿಂದ ಬರೆಯಲು ಯಾವ ಅನುದಾನವೂ ಬೇಡ. ಪ್ರೌಢಶಾಲೆಯ ವಿದ್ಯಾರ್ಥಿಗಳು ಸಾಧಾರಣ ಮಳೆಮಾಪಕವೊಂದನ್ನು ಬಯಲಿನಲ್ಲಿಟ್ಟು, ಪ್ರತಿದಿನ ಬೆಳಿಗ್ಗೆ 8-30ಕ್ಕೆ ಅಳೆದು ದಾಖಲಿಸಲಿ. ಎರಡು ಲೆಕ್ಕಗಳ ನಡುವೆ ದೊಡ್ಡ ಅಂತರ ಕಂಡರೆ ಅದೇ ವಾರ ಪ್ರಶ್ನಿಸಬಹುದು. ವಿಮೆಯ ಅವಧಿ ಮುಗಿದ ಮೇಲೆ ಅರ್ಜಿ ಹಿಡಿದು ಅಲೆಯಬೇಕಾಗಿಲ್ಲ. ಅಧಿಕೃತ ಅಂಕಿ ದೊರೆಯದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆ ಇದ್ದೇ ಇದೆ. ಶಾಲೆಯ ಪುಸ್ತಕಕ್ಕೆ ವಿಮಾ ಕಂಪನಿಯ ಮುಂದೆ ಅಧಿಕೃತ ಮಾನ್ಯತೆ ಇಲ್ಲವೆಂಬುದು ನಿಜ. ಆದರೆ ಹತ್ತು ಹಳ್ಳಿಗಳ ಪುಸ್ತಕಗಳು ಒಂದೇ ಮಾತನ್ನು ಹೇಳಿದಾಗ ಅಧಿಕಾರಿಗಳು ಸ್ಥಳಕ್ಕೆ ಬಂದು ಮಾಪಕವನ್ನು ನೋಡಲೇಬೇಕಾಗುತ್ತದೆ.

ಮುಂಗಾರಿಗೆ ಮುನ್ನ ಮಾಪಕದ ಮೇಲೆ ಚಾಚಿದ ಕೊಂಬೆಗಳನ್ನು ಸವರಿಸುವ ಕೆಲಸವನ್ನಂತೂ ಪಂಚಾಯಿತಿಗಳು ಈ ವರ್ಷವೇ ಮಾಡಬಹುದು. ಅದಕ್ಕೆ ಬೆಂಗಳೂರಿನ ಅಪ್ಪಣೆಗಾಗಿ ಕಾಯಬೇಕಿಲ್ಲ.