ಉದರಪೊರೆಯ ಉರಿಯೂತದ ಕುರಿತು ಭಾರತದ ಔಷಧ ಮಹಾನಿಯಂತ್ರಕರಿಗೆ ಬಹಿರಂಗ ಪತ್ರ



ಹೊಟ್ಟೆಯ ಒಳಗೋಡೆಯನ್ನೂ ಕರುಳು ಮೊದಲಾದ ಅಂಗಗಳನ್ನೂ ಆವರಿಸಿರುವ ತೆಳುಪೊರೆಯೇ ಉದರಪೊರೆ. ಅದರ ಉರಿಯೂತಕ್ಕೆ ಪೆರಿಟೋನೈಟಿಸ್ ಎನ್ನುತ್ತಾರೆ. ಮೂತ್ರಪಿಂಡ ಸೋತವರ ಹೊಟ್ಟೆಗೆ ದ್ರಾವಣ ತುಂಬಿ, ಈ ಪೊರೆಯನ್ನೇ ಜರಡಿಯಾಗಿಸಿ, ಕೆಲವು ಗಂಟೆಗಳ ಬಳಿಕ ಕಲ್ಮಷದೊಡನೆ ಹೊರತೆಗೆಯುವುದು ಉದರ ಡಯಾಲಿಸಿಸ್. ಆ ದ್ರಾವಣಗಳ ಪರೀಕ್ಷೆಯೇ ಈ ಪತ್ರದ ವಿಷಯ.

ಅದಕ್ಕೂ ಮುನ್ನ ಒಂದು ಮಾತು: ಸಿಟ್ರಿಕ್ ಆಮ್ಲಕ್ಕೂ ಉರಿಯೂತಕ್ಕೂ ನಂಟಿದೆಯೆಂಬ ಸಂಶೋಧನೆಗಳ ಸುದ್ದಿ ಕೇಳಿ ನಿಂಬೆಹಣ್ಣನ್ನು ಶಂಕಿಸುವುದು ದುಡುಕಾದೀತು. ಆ ಸಂಶೋಧನೆಗಳು ವಿವರಿಸುವುದು ಜೀವಕೋಶದೊಳಗೆ ಆ ಆಮ್ಲ ತಾಳುವ ರೂಪವಾದ ಸಿಟ್ರೇಟನ್ನು: ಸೋಂಕಿಗೆ ಎಚ್ಚೆತ್ತ ಮ್ಯಾಕ್ರೊಫೇಜ್ ಎಂಬ ಭಕ್ಷಕ ಕೋಶದಲ್ಲಿ ಮೈಟೊಕಾಂಡ್ರಿಯಾದಿಂದ ಹೊರಬಂದ ಸಿಟ್ರೇಟು ಪ್ರೊಸ್ಟಾಗ್ಲಾಂಡಿನ್‌ನಂಥ ಉರಿಯೂತಕಾರಕಗಳ ತಯಾರಿಗೆ ಒದಗಿದರೆ, ಅದೇ ಸರಣಿಯಲ್ಲಿ ಹುಟ್ಟುವ ಇಟಕೋನೇಟು ಉರಿಯೂತವನ್ನು ತಗ್ಗಿಸುತ್ತದೆ. ಊಟದ ಹುಳಿಗೆ ಇದರಲ್ಲಿ ಪಾತ್ರವಿಲ್ಲ.

ನಿಜವಾದ ಕಾಳಜಿ ಇರಬೇಕಾದುದು ಹೊಟ್ಟೆಗೆ ನೇರವಾಗಿ ಇಳಿಯುವ ಪದಾರ್ಥದ ಶುದ್ಧಿಯಲ್ಲಿ. 2001–2002ರಲ್ಲಿ ಯುರೋಪಿನಲ್ಲಿ, ಜೋಳದ ಪಿಷ್ಟದಿಂದ ತಯಾರಾದ ಐಕೊಡೆಕ್ಸ್ಟ್ರಿನ್ ದ್ರಾವಣ ಬಳಸಿದ ಹಲವರಲ್ಲಿ ಹೊರಬಂದ ದ್ರವವು ಅಕ್ಕಿ ತೊಳೆದ ನೀರಿನಂತೆ ಕದಡಿತು; ಅದು ಪೆರಿಟೋನೈಟಿಸ್‌ನ ಚಿಹ್ನೆ, ಆದರೆ ಸೂಕ್ಷ್ಮಜೀವಿ ಬೆಳೆಯಲಿಲ್ಲ. ಕಾರಣ, ಶಾಖ ಮತ್ತು ಆಮ್ಲವನ್ನು ಸಹಿಸುವ ಅಲಿಸೈಕ್ಲೊಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯದ ಕೋಶಭಿತ್ತಿಯ ಪೆಪ್ಟಿಡೊಗ್ಲೈಕಾನ್ ಎಂಬುದು 2005ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಕುದುರೆಲಾಳದ ಏಡಿಯ ರಕ್ತಕೋಶಗಳಿಂದ ಮಾಡುವ ಎಂಡೊಟಾಕ್ಸಿನ್ ಪರೀಕ್ಷೆಯಲ್ಲಿ ಆ ದ್ರಾವಣ ಉತ್ತೀರ್ಣವಾಗಿತ್ತು. ಏಕೆಂದರೆ ಆ ಪರೀಕ್ಷೆ ಹುಡುಕುವುದು ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಗಳ ವಿಷವನ್ನು ಮಾತ್ರ. ನಿಯಮ ಪಾಲನೆಯಾಗಿಯೂ ರೋಗಿ ನರಳಿದ ಪ್ರಸಂಗವಿದು.

ಡಯಾಲಿಸಿಸ್ ದ್ರಾವಣದಲ್ಲಿ ಲ್ಯಾಕ್ಟೇಟಿನ ಜಾಗದಲ್ಲಿ ಸಿಟ್ರೇಟನ್ನು ಬಳಸುವ ಪ್ರಯೋಗಗಳು ಪ್ರಾಣಿಗಳಲ್ಲಿ ನಡೆದಿರುವುದರಿಂದ ಈ ಪ್ರಸಂಗಕ್ಕೆ ಇಂದಿಗೂ ಬೆಲೆಯಿದೆ. ಕೈಗಾರಿಕೆಯ ಸಿಟ್ರಿಕ್ ಆಮ್ಲ ನಿಂಬೆಯಿಂದ ಬರುವುದಲ್ಲ, ಆಸ್ಪರ್ಜಿಲಸ್ ನೈಜರ್ ಎಂಬ ಬೂಷ್ಟು ಸಕ್ಕರೆಯನ್ನು ಹುದುಗಿಸಿ ಕೊಡುವಂಥದು. ಬೂಷ್ಟಿನ ಕೋಶಭಿತ್ತಿಯ ಬೀಟಾ ಗ್ಲೂಕಾನ್ ಸಹ ರೋಗನಿರೋಧಕ ಕೋಶಗಳನ್ನು ಕೆರಳಿಸಬಲ್ಲದು. ಆಹಾರದರ್ಜೆಯ ಶುದ್ಧಿ ಇಲ್ಲಿ ಸಾಲದು.

ಆದ್ದರಿಂದ, ಉದರ ಡಯಾಲಿಸಿಸ್ ದ್ರಾವಣಕ್ಕೆ ಪರವಾನಗಿ ನೀಡುವಾಗ, ಹುದುಗಿಸಿ ಪಡೆದ ಪ್ರತಿ ಘಟಕವೂ ಎಂಡೊಟಾಕ್ಸಿನ್ ಅಲ್ಲದ ಕೆರಳಿಸುವ ಪದಾರ್ಥಗಳನ್ನೂ ಹಿಡಿಯಬಲ್ಲ, ಮಾನವ ರಕ್ತಕೋಶ ಆಧಾರಿತ ಮಾನೊಸೈಟ್ ಸಕ್ರಿಯಣ ಪರೀಕ್ಷೆಯಲ್ಲಿ ತೇರ್ಗಡೆಯಾಗಿರುವ ಪುರಾವೆ ಕೇಳಬೇಕು. 2010ರಲ್ಲಿ ಆರಂಭವಾದ ಭಾರತದ ಔಷಧ ನಿಗಾ ಕಾರ್ಯಕ್ರಮಕ್ಕೆ, ಸೂಕ್ಷ್ಮಜೀವಿ ಬೆಳೆಯದ ಪೆರಿಟೋನೈಟಿಸ್ ಪ್ರಕರಣಗಳನ್ನು ದ್ರಾವಣದ ಚೀಲದ ತಯಾರಿಕಾ ತಂಡಸಂಖ್ಯೆಯೊಡನೆ (ಬ್ಯಾಚ್ ನಂಬರ್) ಆಸ್ಪತ್ರೆಗಳು ವರದಿ ಮಾಡುವಂತೆ ಆದೇಶಿಸಬೇಕು. ತಂಡಸಂಖ್ಯೆಯಿಲ್ಲದ ವರದಿಯಿಂದ ದೋಷಪೂರ್ಣ ಚೀಲಗಳನ್ನು ಗುರುತಿಸಲಾಗದು.