ಮನೆಯೊಳಗಿನ ಹೊಡೆತ: ಮೊದಲು ಕೇಳಿಸಿಕೊಳ್ಳುವವರು ಯಾರು?

2019ರ ಜನವರಿ 19ರಂದು ಚಿತ್ರದುರ್ಗದಿಂದ ಒಂದು ಪಾದಯಾತ್ರೆ ಹೊರಟಿತು. ರಾಯಚೂರು, ಕೊಪ್ಪಳ ಮೊದಲಾದ ಜಿಲ್ಲೆಗಳಿಂದ ಬಂದ ಸಾವಿರಾರು ಹೆಣ್ಣುಮಕ್ಕಳು, ಹೆಚ್ಚಿನವರು ಕೂಲಿ ಮಾಡಿ ಬದುಕುವವರು, ಸುಮಾರು 200 ಕಿಲೋಮೀಟರ್ ನಡೆದು ಜನವರಿ 30ರಂದು, ಗಾಂಧೀಜಿ ಹುತಾತ್ಮರಾದ ದಿನ, ಬೆಂಗಳೂರು ಸೇರಿದರು. ಹಲವು ಸಂಘಟನೆಗಳು ಕೂಡಿ ಕಟ್ಟಿದ 'ಮದ್ಯ ನಿಷೇಧ ಆಂದೋಲನ' ಈ ಪಾದಯಾತ್ರೆಯನ್ನು ನಡೆಸಿತ್ತು. ಅವರ ಬೇಡಿಕೆ ಮದ್ಯ ನಿಷೇಧ. ಆದರೆ ದಾರಿಯುದ್ದಕ್ಕೂ ಅವರು ಹೇಳಿಕೊಂಡದ್ದು ತಮ್ಮ ಮನೆಯ ಕತೆಯನ್ನು: ಸಂಜೆಯಾದರೆ ಕುಡಿದು ಬರುವ ಗಂಡ, ಕಿತ್ತುಕೊಂಡ ಕೂಲಿ ಹಣ, ಹೊಡೆತ, ಹೆದರಿ ಮೂಲೆ ಸೇರುವ ಮಕ್ಕಳು.

ಸರ್ಕಾರ ಮದ್ಯ ನಿಷೇಧ ಮಾಡಲಿಲ್ಲ. 2007ರ ಜುಲೈಯಲ್ಲಿ ರಾಜ್ಯದಲ್ಲಿ ಸಾರಾಯಿ ನಿಷೇಧವಾದಾಗ ಹಳ್ಳಿಯ ಹೆಣ್ಣುಮಕ್ಕಳು ನಿಟ್ಟುಸಿರು ಬಿಟ್ಟಿದ್ದರು. ಆಮೇಲೆ ಅದೇ ಹಳ್ಳಿಗಳ ಗೂಡಂಗಡಿಗಳಲ್ಲಿ ಅಗ್ಗದ ಮದ್ಯದ ಪೊಟ್ಟಣಗಳು ಸಿಗತೊಡಗಿದವು. ಈ ಪಾದಯಾತ್ರೆಯನ್ನು ನಾವು ಇಲ್ಲಿ ನೆನೆಯುವುದು ಮದ್ಯದ ಚರ್ಚೆಗಾಗಿ ಅಲ್ಲ. ಮನೆಯೊಳಗೆ ಹೊಡೆಸಿಕೊಂಡವಳು ಅದನ್ನು ಹೊರಗೆ ಹೇಳಲು ಎಷ್ಟು ದೂರ ನಡೆಯಬೇಕು ಎಂಬುದನ್ನು ಅದು ತೋರಿಸಿತು, ಅದಕ್ಕಾಗಿ.

ಅದೇ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳನ್ನು ಗಮನಿಸೋಣ. ಕರಾವಳಿಯ ನಮಗೆ ಇವು ದೂರದ ಊರುಗಳು. ನಮ್ಮಲ್ಲಿ ಮಳೆ ಹೆಚ್ಚಾಯಿತೆಂದು ದೂರುತ್ತೇವೆ. ಅಲ್ಲಿ ಮಳೆ ಬಾರದಿದ್ದರೆ ಶೇಂಗಾ ಬೆಳೆ ಹೋಗುತ್ತದೆ, ಶೇಂಗಾ ಹೋದರೆ ಜನ ಗುಳೆ ಹೊರಡುತ್ತಾರೆ. ಚಳ್ಳಕೆರೆ ಎಣ್ಣೆ ಗಿರಣಿಗಳಿಗೆ ಹೆಸರಾದ ಪೇಟೆ. ಮೊಳಕಾಲ್ಮೂರು ರೇಷ್ಮೆ ಸೀರೆಗೆ ಹೆಸರಾಗಿದ್ದು, 2011ರಲ್ಲಿ ಆ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಮಗ್ಗ ಇರುವುದು ಹೆಚ್ಚಾಗಿ ಮನೆಯೊಳಗೇ. ಹೆಂಡತಿ ನೂಲು ಸುತ್ತಿ, ಕಂಡಿಕೆ ತುಂಬಿಕೊಡದೆ ಸೀರೆ ಮುಗಿಯುವುದಿಲ್ಲ. ಆದರೆ ಮಜೂರಿ ಎಣಿಸಿಕೊಳ್ಳುವ ಕೈ ಸಾಮಾನ್ಯವಾಗಿ ಗಂಡನದು. ದುಡಿಯುವ ಜಾಗವೂ ಮಲಗುವ ಜಾಗವೂ ಒಂದೇ ಆದ ಮನೆಯಲ್ಲಿ ಜಗಳವಾದರೆ ಅವಳು ಎದ್ದು ಹೋಗುವುದು ಎಲ್ಲಿಗೆ?

ಇನ್ನು ಕೆಲವು ಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣುಮಕ್ಕಳನ್ನೂ ಬಾಣಂತಿಯರನ್ನೂ ಊರ ಹೊರಗೆ ಇರಿಸುವ ಪದ್ಧತಿ ಇದೆ. 2017ರಲ್ಲಿ ಅಂಗೀಕಾರವಾಗಿ 2020ರ ಜನವರಿಯಲ್ಲಿ ಜಾರಿಗೆ ಬಂದ ಕರ್ನಾಟಕದ ಅಮಾನವೀಯ ದುಷ್ಟ ಪದ್ಧತಿಗಳ ನಿಷೇಧ ಕಾಯ್ದೆ ಹೀಗೆ ಬಲವಂತವಾಗಿ ಹೊರಗಿಡುವುದನ್ನು ಅಪರಾಧವೆಂದು ಹೇಳುತ್ತದೆ. ಇಲ್ಲಿ ಯಾರೂ ಕೈ ಎತ್ತುವುದಿಲ್ಲ. ಆದರೂ ಮನೆಯವರೇ ಮನೆಯ ಹೆಣ್ಣನ್ನು ಚಳಿ ಗಾಳಿಗೆ ಬಿಡುತ್ತಾರೆ. ಕೌಟುಂಬಿಕ ಹಿಂಸೆ ಎಂದರೆ ಕೆನ್ನೆಯ ಮೇಲಿನ ಬಾಸುಂಡೆ ಮಾತ್ರ ಅಲ್ಲ ಎಂಬುದನ್ನು ನಾವು ಇಲ್ಲಿಂದಲೇ ಕಲಿಯಬೇಕು.

ಕಾನೂನು ಕೂಡ ಹಾಗೆಯೇ ಹೇಳುತ್ತದೆ. 'ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ' 2005ರಲ್ಲಿ ಅಂಗೀಕಾರವಾಗಿ 2006ರ ಅಕ್ಟೋಬರ್ 26ರಂದು ಜಾರಿಗೆ ಬಂತು. ದೈಹಿಕ, ಲೈಂಗಿಕ, ಮಾತಿನ ಹಾಗೂ ಮಾನಸಿಕ, ಆರ್ಥಿಕ ಹಿಂಸೆಗಳೆಲ್ಲ ಅದರ ವ್ಯಾಪ್ತಿಗೆ ಬರುತ್ತವೆ. ಈ ಕಾಯ್ದೆ ಯಾರೋ ಅಧಿಕಾರಿ ಒಂದು ರಾತ್ರಿ ಕೂತು ಬರೆದದ್ದಲ್ಲ. 2002ರಲ್ಲಿ ಕೇಂದ್ರ ಸರ್ಕಾರ ಮಂಡಿಸಿದ್ದ ಮಸೂದೆಯಲ್ಲಿ ಗಂಡ 'ರೂಢಿಯಾಗಿ' ಹೊಡೆಯುತ್ತಿದ್ದರೆ ಮಾತ್ರ ಹಿಂಸೆ ಎಂಬ ಅರ್ಥ ಬರುವ ಮಾತಿತ್ತು. ಅಂದರೆ ಒಂದೆರಡು ಸಲ ಹೊಡೆದರೆ ಲೆಕ್ಕಕ್ಕಿಲ್ಲ! ತನ್ನ ಆಸ್ತಿಯನ್ನು ರಕ್ಷಿಸಿಕೊಳ್ಳಲು ಹೊಡೆದೆ ಎಂದು ತಪ್ಪಿಸಿಕೊಳ್ಳಲೂ ದಾರಿಯಿತ್ತು. ಇಂದಿರಾ ಜೈಸಿಂಗ್ ಅವರ ಲಾಯರ್ಸ್ ಕಲೆಕ್ಟಿವ್ ಹಾಗೂ ದೇಶದ ಮಹಿಳಾ ಸಂಘಟನೆಗಳು ಒಗ್ಗಟ್ಟಾಗಿ ವಿರೋಧಿಸಿದ ಮೇಲೆ ಹೊಸ ಮಸೂದೆ ಬಂತು.

ನಮ್ಮ ರಾಜ್ಯದಲ್ಲಿಯೂ ಇದರ ಹಿಂದೆ ವರ್ಷಗಳ ದುಡಿಮೆ ಇದೆ. ಬೆಂಗಳೂರಿನ 'ವಿಮೋಚನಾ' 1979ರಿಂದ ಈ ಕೆಲಸದಲ್ಲಿದೆ. 1990ರ ದಶಕದಲ್ಲಿ ಮದುವೆಯಾದ ಎಳೆಯ ಹೆಣ್ಣುಮಕ್ಕಳು ಸುಟ್ಟ ಗಾಯಗಳಿಂದ ಸತ್ತಾಗ 'ಸ್ಟೌ ಸಿಡಿದು ಸಾವು', 'ಹೊಟ್ಟೆನೋವು ತಾಳದೆ ಆತ್ಮಹತ್ಯೆ' ಎಂದು ಬರೆದು ಕಡತ ಮುಚ್ಚುತ್ತಿದ್ದರು. ಡೊನ್ನಾ ಫರ್ನಾಂಡಿಸ್, ಮಧು ಭೂಷಣ್ ಮತ್ತು ಸಂಗಾತಿಗಳು ಆ ಸಾವುಗಳ ಬೆನ್ನು ಹತ್ತಿ, ಇವು ಅಪಘಾತಗಳೇ ಎಂದು ಕೇಳಿದರು. 2012ರಲ್ಲಿ ಮಂಗಳೂರಿನ ಪಡೀಲಿನ ಹೋಂ ಸ್ಟೇಯಲ್ಲಿ ಯುವಕ ಯುವತಿಯರ ಮೇಲೆ ನಡೆದ ದಾಳಿಯ ನಂತರದ ದಿನಗಳಲ್ಲಿ ರೂಪುಗೊಂಡ 'ಮಹಿಳಾ ದೌರ್ಜನ್ಯ ವಿರೋಧಿ ಒಕ್ಕೂಟ' ಅನೇಕ ಸಂಘಟನೆಗಳನ್ನು ಒಂದೇ ಚಪ್ಪರದ ಕೆಳಗೆ ತಂದಿತು.

ಹೋರಾಟಗಾರರು ಕಾನೂನು ತಂದುಕೊಟ್ಟರು. ಅದನ್ನು ಹಳ್ಳಿಯ ಹೊಸ್ತಿಲಿಗೆ ಮುಟ್ಟಿಸುವವರು ಯಾರು? ನಮ್ಮ ದೃಷ್ಟಿಯಲ್ಲಿ ನಿಜವಾದ ಒಕ್ಕೂಟ ಇರುವುದು ಅಲ್ಲಿ, ಮತ್ತು ಅದಕ್ಕೆ ಫಲಕವೂ ಇಲ್ಲ, ಕಚೇರಿಯೂ ಇಲ್ಲ. ಬೆಳಿಗ್ಗೆ ಮಗುವನ್ನು ಬಿಡಲು ಬಂದ ತಾಯಿಯ ಊದಿದ ಕಣ್ಣನ್ನು ಮೊದಲು ಕಾಣುವವಳು ಅಂಗನವಾಡಿ ಕಾರ್ಯಕರ್ತೆ. ಗರ್ಭಿಣಿಯ ಮೈಮೇಲಿನ ಗಾಯ ಕಾಣುವವಳು ಆಶಾ ಕಾರ್ಯಕರ್ತೆ. ವಾರದ ಉಳಿತಾಯ ಕಟ್ಟಲು ಯಾರು ಬರಲಿಲ್ಲ, ಯಾಕೆ ಬರಲಿಲ್ಲ ಎಂಬುದು ಸ್ತ್ರೀಶಕ್ತಿ ಸಂಘದವರಿಗೆ ಗೊತ್ತು. ಕರ್ನಾಟಕದಲ್ಲಿ ಈ ಕಾಯ್ದೆಯಡಿ ಸಂರಕ್ಷಣಾಧಿಕಾರಿ ಆಗಿರುವವರು ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಅಂಗನವಾಡಿಗಳ ಮೇಲಧಿಕಾರಿ. ಆದುದರಿಂದ ಹಟ್ಟಿಯ ಅಂಗನವಾಡಿಯಿಂದ ಮ್ಯಾಜಿಸ್ಟ್ರೇಟರ ನ್ಯಾಯಾಲಯದವರೆಗೆ ಕಾಗದದ ಮೇಲೆ ಒಂದು ನೇರ ದಾರಿ ಇದೆ.

ಆ ದಾರಿ ಹೀಗಿದೆ. ಹಿಂಸೆ ನಡೆದಿದೆ ಎಂದು ನಂಬಲು ಕಾರಣವಿರುವ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಸದುದ್ದೇಶದಿಂದ ತಿಳಿಸಿದವರ ಮೇಲೆ ಯಾವ ಮೊಕದ್ದಮೆಯೂ ನಿಲ್ಲದು. ಅಧಿಕಾರಿ ಕೌಟುಂಬಿಕ ಘಟನಾ ವರದಿಯನ್ನು ಸಿದ್ಧಪಡಿಸಿ ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕು. ಅರ್ಜಿ ತಲಪಿದ ಮೇಲೆ ಸಾಮಾನ್ಯವಾಗಿ 3 ದಿನಗಳೊಳಗೆ ಮೊದಲ ವಿಚಾರಣೆ ನಿಗದಿಯಾಗಬೇಕು, 60 ದಿನಗಳಲ್ಲಿ ಇತ್ಯರ್ಥಪಡಿಸಲು ಪ್ರಯತ್ನಿಸಬೇಕು. ಗಂಡನ ಮನೆಯಿಂದ ಅವಳನ್ನು ಹೊರದಬ್ಬದಂತೆ, ಜೀವನಾಂಶ ಕೊಡುವಂತೆ, ಮಕ್ಕಳನ್ನು ಅವಳ ಬಳಿ ಬಿಡುವಂತೆ ಆದೇಶ ಪಡೆಯಬಹುದು. ರಕ್ಷಣಾ ಆದೇಶ ಮುರಿದವನಿಗೆ 1 ವರ್ಷದವರೆಗೆ ಸೆರೆ, 20,000 ರೂಪಾಯಿಯವರೆಗೆ ದಂಡ, ಅಥವಾ ಎರಡೂ ಆಗಬಹುದು. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ಮಹಿಳೆಯಾದರೆ ಆದಾಯ ಎಷ್ಟೇ ಇರಲಿ, ಅಲ್ಲಿ ಉಚಿತ ನೆರವು ಪಡೆಯಲು ಅರ್ಹಳು.

ಮೊಳಕಾಲ್ಮೂರಿನಂಥ ಗಡಿ ತಾಲ್ಲೂಕಿಗೆ ಇನ್ನೊಂದು ಅಂಶ ಮುಖ್ಯ. ಅಲ್ಲಿಗೆ ಚಿತ್ರದುರ್ಗಕ್ಕಿಂತ ಆಂಧ್ರದ ರಾಯದುರ್ಗ ಹತ್ತಿರ. ಗಡಿಯ ಆಚೆ ಈಚೆ ಹೆಣ್ಣು ಕೊಟ್ಟು ತರುವುದು ಹಿಂದಿನಿಂದ ಬಂದದ್ದು. ಆಚೆಗೆ ಕೊಟ್ಟ ಮಗಳು ಹೊಡೆತ ತಿಂದು ತವರಿಗೆ ಬಂದರೆ ಆಂಧ್ರದ ನ್ಯಾಯಾಲಯಕ್ಕೆ ಅಲೆಯಬೇಕಾಗಿಲ್ಲ. ತಾತ್ಕಾಲಿಕವಾಗಿ ವಾಸವಿರುವ ಊರಿನ ನ್ಯಾಯಾಲಯದಲ್ಲೂ ಅರ್ಜಿ ಹಾಕಬಹುದು, ಅಲ್ಲಿ ಆದ ಆದೇಶ ದೇಶದಲ್ಲೆಲ್ಲ ನಡೆಯುತ್ತದೆ. ಈ ಒಂದು ಮಾತು ಗೊತ್ತಿಲ್ಲದೆ ಎಷ್ಟು ತಾಯಂದಿರು ಮಗಳನ್ನು ಮರಳಿ ಕಳುಹಿಸಿದ್ದಾರೋ!

ಕಾಗದದ ದಾರಿ ನೆಲದ ಮೇಲೆ ಎಲ್ಲಿ ಕಡಿಯುತ್ತದೆ? ಒಂದನೆಯದು, ಸಂರಕ್ಷಣಾಧಿಕಾರಿಗೆ ಅಂಗನವಾಡಿ, ಪೌಷ್ಟಿಕ ಆಹಾರ, ಸರ್ಕಾರದ ನಾನಾ ಯೋಜನೆಗಳ ನಡುವೆ ಇದು ಹತ್ತರಲ್ಲಿ ಹನ್ನೊಂದನೆಯ ಕೆಲಸ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಬಿ.ವಿ. ನಾಗರತ್ನ ಮತ್ತು ಸತೀಶ್ ಚಂದ್ರ ಶರ್ಮಾ ಅವರ ಪೀಠ, ಸಂರಕ್ಷಣಾಧಿಕಾರಿಗಳು ನೇಮಕವಾಗದ ಕಡೆ ಜಿಲ್ಲಾ ಮತ್ತು ತಾಲ್ಲೂಕು ಮಟ್ಟದಲ್ಲಿ ಆರು ವಾರಗಳೊಳಗೆ ಅವರನ್ನು ಗೊತ್ತುಪಡಿಸಬೇಕೆಂದು ರಾಜ್ಯಗಳಿಗೆ ನಿರ್ದೇಶನ ನೀಡಿತು. ಕಾಯ್ದೆ ಬಂದು ಸುಮಾರು ಎರಡು ದಶಕಗಳ ಮೇಲೂ ಹೀಗೆ ಹೇಳಬೇಕಾಯಿತು ಎಂಬುದೇ ಸಾಕಷ್ಟು ತಿಳಿಸುತ್ತದೆ.

ಎರಡನೆಯದು ಇನ್ನೂ ಆಳದ್ದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಸುತ್ತಿನಲ್ಲಿ ಕರ್ನಾಟಕದಲ್ಲಿ ಮದುವೆಯಾದ 18ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡ 44.4 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ದೇಶದ ಸರಾಸರಿ ಶೇಕಡ 29.3. ನಮ್ಮ ರಾಜ್ಯದ್ದು ರಾಜ್ಯಗಳಲ್ಲೇ ಅತಿ ಹೆಚ್ಚು. ಹಿಂದಿನ ಸುತ್ತಿನಲ್ಲಿ, 2015-16ರಲ್ಲಿ, ಇದು ಶೇಕಡ 20.6 ಇತ್ತು. ಹಿಂಸೆಯೇ ಇಮ್ಮಡಿಯಾಯಿತೋ, ಹೇಳಿಕೊಳ್ಳುವ ಧೈರ್ಯ ಹೆಚ್ಚಾಯಿತೋ, ಎರಡೂ ಇರಬಹುದು. ಆದರೆ ಅದೇ ಸಮೀಕ್ಷೆಯ ಇನ್ನೊಂದು ಅಂಕಿ ನಮ್ಮನ್ನು ಹೆಚ್ಚು ಕಾಡುತ್ತದೆ. ದೇಶದಲ್ಲಿ ದೈಹಿಕ ಅಥವಾ ಲೈಂಗಿಕ ಹಿಂಸೆಗೆ ಒಳಗಾದವರಲ್ಲಿ ಸಹಾಯ ಕೇಳಿದವರು ಶೇಕಡ 14 ಮಾತ್ರ. ಶೇಕಡ 77 ಮಂದಿ ಸಹಾಯ ಕೇಳಿಲ್ಲ, ಯಾರ ಬಳಿಯೂ ಹೇಳಿಕೊಂಡಿಲ್ಲ. ಕೇಳಿದವರಲ್ಲೂ ಬಹುಪಾಲು ಹೋದದ್ದು ತವರಿನವರ ಬಳಿಗೆ, ಪೊಲೀಸರ ಬಳಿಗಲ್ಲ.

ಇದರ ಅರ್ಥ ಸರಳ. ಅವಳು ಹೆಚ್ಚೆಂದರೆ ಒಂದು ಸಲ, ಒಬ್ಬರ ಬಳಿ ಬಾಯಿ ಬಿಡುತ್ತಾಳೆ. ಆ ಒಬ್ಬರು ಮುಂದಕ್ಕೆ ಕಳುಹಿಸಿದರೆ ಕಾನೂನು, ಅಧಿಕಾರಿ, ನ್ಯಾಯಾಲಯ ಎಲ್ಲವೂ ಅವಳ ಪಾಲಿಗೆ ಇದೆ. 'ಹೊಂದಿಕೊಂಡು ಹೋಗಮ್ಮ' ಎಂದು ಹಿಂದಕ್ಕೆ ಕಳುಹಿಸಿದರೆ ಯಾವುದೂ ಇಲ್ಲ.

ಪ್ರಿಯ ಓದುಗರೇ, ಇಲ್ಲಿಗೆ ಚಳ್ಳಕೆರೆ, ಮೊಳಕಾಲ್ಮೂರು ದೂರದ ಊರುಗಳಾಗಿ ಉಳಿಯುವುದಿಲ್ಲ. ನಮ್ಮ ಧರ್ಮಕೇಂದ್ರಗಳಲ್ಲಿ ಆ ಮೊದಲ ಮಾತು ಬೀಳುವುದು ವಾಳೆಯ ಗುರಿಕಾರರ ಕಿವಿಗೆ, ಧರ್ಮಭಗಿನಿಯರ ಕಿವಿಗೆ, ಸ್ತ್ರೀ ಸಂಘಟನೆಯ ಗೆಳತಿಯ ಕಿವಿಗೆ, ಧರ್ಮಗುರುಗಳ ಕಿವಿಗೆ. ಅಲ್ಲಿ ನಾವು ಏನು ಮಾಡಿದ್ದೇವೆ? ಒಳ್ಳೆಯ ಮನಸ್ಸಿನಿಂದಲೇ ಇರಲಿ, ಇಬ್ಬರನ್ನೂ ಕೂರಿಸಿ, ಮೊದಲು ಅವಳನ್ನೇ 'ನೀನೇನು ಮಾಡಿದೆ?' ಎಂದು ಕೇಳಿದ್ದೇವೆ. ಪ್ರಾರ್ಥನೆ ಮಾಡಿ ಮನೆಗೆ ಕಳುಹಿಸಿದ್ದೇವೆ. ಕುಟುಂಬ ಉಳಿಯಿತು ಎಂದು ಸಮಾಧಾನಪಟ್ಟುಕೊಂಡಿದ್ದೇವೆ. ಈ ತಪ್ಪಿನಿಂದ ನಾವು ಹೊರತಲ್ಲ.

ಈ ಕಾಯ್ದೆಯ 2006ರ ನಿಯಮಗಳು ಆಪ್ತಸಮಾಲೋಚನೆಯ ಬಗ್ಗೆ ಹೇಳುವ ಒಂದು ಮಾತನ್ನು ಪ್ರತಿಯೊಬ್ಬ ಪಾಲಕನೂ ತಿಳಿದಿರಬೇಕು. ಸಮಾಲೋಚನೆಯಲ್ಲಿ ಹಿಂಸೆಯ ಆರೋಪ ಹೊತ್ತವನಿಗೆ ತನ್ನ ಕೃತ್ಯಕ್ಕೆ ಸಮರ್ಥನೆ ಕೊಡಲು ಅವಕಾಶವಿಲ್ಲ. 'ಅವಳು ಎದುರು ಮಾತಾಡಿದಳು, ಅದಕ್ಕೆ ಹೊಡೆದೆ' ಎಂಬ ಮಾತು ಅಲ್ಲಿ ಚರ್ಚೆಗೆ ಬರುವುದೇ ಇಲ್ಲ. ನಮ್ಮ ಪಡಸಾಲೆಯ ರಾಜಿ ಪಂಚಾಯಿತಿಗಳು ಶುರುವಾಗುವುದೇ ಆ ಮಾತಿನಿಂದ.

ವಿವಾಹ ಪವಿತ್ರ ಸಂಸ್ಕಾರ, ಅದನ್ನು ಮುರಿಯಲು ಹೇಗೆ ಹೇಳಲಿ ಎಂದು ಕೆಲವರು ಕೇಳುತ್ತಾರೆ. ಧರ್ಮಸಭೆಯ ಕಾನೂನು ಸಂಹಿತೆಯ 1153ನೇ ವಿಧಿಯನ್ನು ಅವರು ತೆರೆದು ನೋಡಲಿ. ಸಂಗಾತಿಯಿಂದ ದೇಹಕ್ಕೋ ಮನಸ್ಸಿಗೋ ಗಂಭೀರ ಅಪಾಯವಿದ್ದರೆ ಬೇರೆ ವಾಸಿಸಲು ಅದು ನ್ಯಾಯವಾದ ಕಾರಣ. ಇದಕ್ಕೆ ಧರ್ಮಾಧ್ಯಕ್ಷರ ಆದೇಶ ಬೇಕು, ಆದರೆ ತಡಮಾಡಿದರೆ ಅಪಾಯವಿದ್ದಲ್ಲಿ ಅದಕ್ಕೂ ಕಾಯಬೇಕಾಗಿಲ್ಲ. ಬೇರೆ ವಾಸ ಬಂಧವನ್ನು ಮುರಿಯುವುದಿಲ್ಲ, ಜೀವವನ್ನು ಉಳಿಸುತ್ತದೆ. ದಿವಂಗತ ಪೋಪ್ ಫ್ರಾನ್ಸಿಸ್ ತಮ್ಮ 2016ರ 'ಆಮೋರಿಸ್ ಲೆತೀತ್ಸಿಯ'ದಲ್ಲಿ, ದುರ್ಬಲರನ್ನೂ ಮಕ್ಕಳನ್ನೂ ಹಿಂಸೆಯಿಂದ ಪಾರುಮಾಡಲು ಕೆಲವೊಮ್ಮೆ ಪ್ರತ್ಯೇಕತೆ ನೈತಿಕವಾಗಿಯೇ ಅಗತ್ಯವಾಗಬಹುದು ಎಂದು ಬೋಧಿಸಿದ್ದಾರೆ. ಭಾರತದ ಧರ್ಮಾಧ್ಯಕ್ಷರು 2010ರಲ್ಲೇ ಲಿಂಗ ಸಮಾನತೆಯ ನೀತಿಯನ್ನು ಹೊರತಂದಿದ್ದಾರೆ. ಅದು ಕಪಾಟಿನಲ್ಲಿರುವುದಕ್ಕಲ್ಲ.

ನಾವು ಮಾಡಬಹುದಾದದ್ದು ದೊಡ್ಡದೇನಲ್ಲ. ಮಹಿಳಾ ಸಹಾಯವಾಣಿ 181, ತುರ್ತು ಕರೆ 112, ತಾಲ್ಲೂಕಿನ ಸಂರಕ್ಷಣಾಧಿಕಾರಿ ಹಾಗೂ ಜಿಲ್ಲೆಯ 'ಸಖಿ' ಕೇಂದ್ರದ ಸಂಖ್ಯೆಗಳನ್ನು ಇಗರ್ಜಿಯ ಸೂಚನಾ ಫಲಕದಲ್ಲಿ ಹಾಕೋಣ. ವಿವಾಹ ಸಿದ್ಧತಾ ಶಿಬಿರದಲ್ಲಿ ಒಂದು ಗಂಟೆಯನ್ನು ಈ ಕಾಯ್ದೆಗೆ ಮೀಸಲಿಡೋಣ, ಗಂಡುಮಕ್ಕಳು ಎದುರಿನ ಸಾಲಿನಲ್ಲಿ ಕೂರಲಿ. ಗುರಿಕಾರರಿಗೂ ಸಂಘಟನೆಗಳ ಮುಖಂಡರಿಗೂ ಒಂದು ದಿನದ ತರಬೇತಿ ಕೊಡಿಸೋಣ. ಹೆಣ್ಣುಮಗಳು ಬಂದು ಹೇಳಿದರೆ ಮೊದಲು ನಂಬೋಣ, ಇಂದು ರಾತ್ರಿ ಎಲ್ಲಿ ಮಲಗುತ್ತೀ ಎಂದು ಕೇಳೋಣ. ರಾಜಿಯ ಮಾತು ಆಮೇಲಿನದು.

ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದ ಆ ಹೆಣ್ಣುಮಕ್ಕಳು ಕೇಳಿದ್ದು ಸಿಗದೆ ಮರಳಿದರು. ನಮ್ಮ ನೆರೆಮನೆಯವಳಿಗೆ ಅಷ್ಟು ದೂರ ನಡೆಯುವ ಅಗತ್ಯ ಬಾರದಿರಲಿ. ಅವಳು ನಮ್ಮ ಅಂಗಳದವರೆಗೆ ಬಂದರೆ, ಅಲ್ಲಿಂದ ಮುಂದೆ ನಾವು ಜೊತೆಗೆ ಹೋಗೋಣ.