ಬಲೆ ಒಣಗುವ ಮರಳು

ರಜೆಯಲ್ಲಿ ಊರಿಗೆ ಹೋಗುವ ನಮ್ಮಲ್ಲಿ ಅನೇಕರು ಗಂಗೊಳ್ಳಿಯಲ್ಲೋ ಹೊನ್ನಾವರದ ಕಾಸರಕೋಡಿನಲ್ಲೋ ಒಂದು ಸಂಜೆ ಕಡಲು ನೋಡಿ, ಬಂಗುಡೆಯ ಊಟ ಮಾಡಿ ಮರಳುತ್ತೇವೆ. ಆ ಮರಳು ಅಲ್ಲಿಯವರ ಮನೆಯಂಗಳವೆಂಬುದು ನಮಗೆ ತೋಚುವುದಿಲ್ಲ. ದೋಣಿ ಎಳೆದಿಡುವುದು, ಬಲೆ ಸರಿಪಡಿಸುವುದು, ಹೆಂಗಸರು ಮೀನು ಒಣಗಿಸುವುದು ಎಲ್ಲವೂ ಅದರ ಮೇಲೆಯೇ.

ಇಡೀ ಕೇರಿ ಸೇರಿ ಎಳೆದು ಪಾಲು ಹಂಚಿಕೊಳ್ಳುತ್ತಿದ್ದ ರಂಪಣಿಯನ್ನು 1970ರ ದಶಕದಲ್ಲಿ ಬಂದ ಪರ್ಸೀನ್ ದೋಣಿಗಳು ಮೂಲೆಗೊತ್ತಿದವು. ಈಗ ಮರಳಿನ ಸರದಿ. 1991ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯು ಗ್ರಾಮೀಣ ತೀರದಲ್ಲಿ ಭರತರೇಖೆಯಿಂದ 200 ಮೀಟರುಗಳೊಳಗೆ ಹೊಸ ಕಟ್ಟಡಗಳನ್ನು ಬಹುಮಟ್ಟಿಗೆ ತಡೆದಿತ್ತು. 2019ರ ಅಧಿಸೂಚನೆಯು ಜನನಿಬಿಡ ಗ್ರಾಮಗಳಲ್ಲಿ ಈ ಅಂತರವನ್ನು 50 ಮೀಟರುಗಳಿಗೆ ಇಳಿಸಲು ಅವಕಾಶವಿತ್ತಿತು. ಮೀನುಗಾರನ ಮನೆಗೂ ಇದರಿಂದ ಅನುಕೂಲವಾದೀತು, ನಿಜ. ಆದರೆ ಹಣವಂತನ ವಸತಿಗೃಹ ಮೊದಲು ಏಳುತ್ತದೆ. ಬಲೆ ಒಣಗುವ ಜಾಗಕ್ಕೆ ಮೀನುಗಾರನ ಹೆಸರಿನ ಪಹಣಿಯಿಲ್ಲ.

ಮುಂಬಯಿಯ ಕೋಳಿವಾಡಗಳು ಕಟ್ಟಡಗಳ ನಡುವೆ ಉಸಿರುಗಟ್ಟಿರುವುದನ್ನು ಕಂಡವರು ನಾವು. ಊರಿನ ಕಡಲತಡಿಯಲ್ಲಿ ತುಂಡು ಭೂಮಿ ಕೊಳ್ಳುವ ಆಸೆ ಹೊರನಾಡಿಗರಾದ ನಮಗೂ ಉಂಟು. ಕೊಳ್ಳುವ ಮುನ್ನ, ಅಲ್ಲಿ ಯಾರ ಬಲೆ ಒಣಗುತ್ತಿತ್ತೆಂದು ವಿಚಾರಿಸುವುದು ನಮ್ಮ ಕರ್ತವ್ಯ.